ಟರ್ಬೊ ಬೇಡವೆಂದ ಮಹಾರುದ್ರ ಮಿಸ್ತ್ರಿ

ಮಹಾರುದ್ರ ಮಿಸ್ತ್ರಿ ಗಾಡಿಗಳಿಗೆ ಎಂದೂ ಬೈಯುತ್ತಿರಲಿಲ್ಲ. ಬೈಗುಳವೆಲ್ಲ ಮಾಲೀಕರಿಗೆ. ಗಡಿನಾಡಿನ ಉಮರಗಾದ ಹೆದ್ದಾರಿ ಬದಿಯ ಅವನ ಗ್ಯಾರೇಜಿಗೆ ಯಾರು ಗಾಡಿ ತಂದರೂ ಮೊದಲ ಮಾತು ಒಂದೇ: "ಏನ ಮಾಡ್ದಿ ಇದಕ್ಕ?" ಗಾಡಿಗೆ ಏನಾಗಿದೆ ಎಂದು ಅವನು ಕೇಳಿದ್ದನ್ನು ನಾನು ಕಾಣೆ. ಆಮೇಲೆ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಇಂಜಿನ್ನಿಗೆ ಒತ್ತಿ, ಹಿಡಿಕೆಯನ್ನು ಕಿವಿಗೆ ಇಟ್ಟುಕೊಂಡು ಕಣ್ಣು ಮುಚ್ಚುತ್ತಿದ್ದ. ಆಗ ಅವನ ಮುಖ ಹಸುಗೂಸಿನ ತೊಟ್ಟಿಲ ಹತ್ತಿರ ನಿಂತವನ ಹಾಗಿರುತ್ತಿತ್ತು. ಕಣ್ಣು ತೆರೆದು ನಮ್ಮ ಕಡೆ ತಿರುಗಿದನೋ, ಅದೇ ಮುಖ ಗಂಟು.

ನಾನು ಕಾಸಾರಶಿರಸಿ ಕಡೆಯ ಒಂದು ಕನ್ನಡ ಶಾಲೆಯ ಮಾಸ್ತರ. ನಮ್ಮಲ್ಲಿ ಮಾಸ್ತರರಿಗೆ ಗುರೂಜಿ ಎನ್ನುತ್ತಾರೆ. ಮನೆ ಉಮರಗಾದಲ್ಲಿ. ದಿನಾ ಹೋಗಿ ಬರಲು ಅಪ್ಪ ಬಿಟ್ಟುಹೋದ ಹಳೆಯ ಡೀಸೆಲ್ ಕಾರಿತ್ತು. ಮೊದಲ ಸಲ ಅದನ್ನು ಅವನ ಹತ್ತಿರ ಒಯ್ದಾಗ ನಮ್ಮ ಶಾಲೆಯ ಇಬ್ಬರು ಪಾಲಕರು ಅಲ್ಲೇ ಕುಳಿತಿದ್ದರು. ಅವನು ಏರ್ ಫಿಲ್ಟರ್ ಹೊರತೆಗೆದು ಕೊಡವಿದ. ತೊಗರಿ ಹೊಟ್ಟಿನ ಧೂಳು ಬೊಗಸೆಗಟ್ಟಲೆ ಉದುರಿತು.

"ಗುರೂಜಿ, ಸಾಲ್ಯಾಗ ಹುಡುಗರಿಗಿ ಮೂಗ ಒರಸ್ಕೋರಿ ಅಂತ ಕಲಸ್ತಿ ಹೌದಿಲ್ಲ? ನಿನ್ನ ಗಾಡಿ ಮೂಗ ನೋಡು. ಹಿಡಿ, ಎಲ್ಲರಿಗಿ ತೋರಸು."

ಫಿಲ್ಟರನ್ನು ನನ್ನ ಕೈಗೆ ತುರುಕಿದ. ಪಾಲಕರು ನೆಲ ನೋಡಿ ನಕ್ಕರು. ಅವತ್ತೇ ನನ್ನ ಎದೆಯಲ್ಲಿ ಒಂದು ಕಿಚ್ಚು ಹೊತ್ತಿತು. ಆದರೂ ಮತ್ತೆ ಮತ್ತೆ ಅವನಲ್ಲಿಗೇ ಹೋದೆ. ಅವನು ಮುಟ್ಟಿದ ಗಾಡಿ ವರ್ಷಗಟ್ಟಲೆ ಕೆಮ್ಮುತ್ತಿರಲಿಲ್ಲ.

ಟರ್ಬೊ ಆಸೆ ನನಗೆ ಹುಟ್ಟಿದ್ದು ನಾಚಿಕೆಯಿಂದ. ನಿಲಂಗಾ ರಸ್ತೆಯ ಏರಿನಲ್ಲಿ, ಹೆಂಡತಿ ಮತ್ತು ಅವ್ವನನ್ನು ಕೂರಿಸಿಕೊಂಡು ಹೊರಟರೆ, ಮೇವು ಹೇರಿದ ಟ್ರ್ಯಾಕ್ಟರ್ ಕೂಡ ನನ್ನನ್ನು ಹಿಂದೆ ಹಾಕುತ್ತಿತ್ತು. ಹಳೆ ಇಂಜಿನ್ನಿಗೂ ಟರ್ಬೊ ಕೂರಿಸಬಹುದು, ಗಾಡಿ ಹುಲಿಯಾಗುತ್ತದೆ ಎಂದು ಯಾರೋ ಹೇಳಿದರು. ಮಿಸ್ತ್ರಿಯನ್ನು ಕೇಳಿದೆ.

"ಟರ್ಬೊ ಅಂದ್ರ ಏನ ತಿಳದೀದಿ?" ಎಂದ. "ಹೊಗಿ ಹೊರಗ ಹೋಗೂ ಜೋರಿಗಿ ಒಂದ ಚಕ್ರ ತಿರಗತದ. ಆ ಚಕ್ರ ಗಾಳಿ ಎಳಕೊಂಡು ಇಂಜಿನ್ನಿನ ಒಳಗ ತುರುಕತದ. ಗಾಳಿ ಹೆಚ್ಚ ಆದ್ರ ಡೀಸೆಲ್ ಹೆಚ್ಚ ಉರಿತದ, ಕಾವ ಹೆಚ್ಚ ಆಗತದ. ಹೊಸಾ ಇಂಜಿನ್ ಅದಕ್ಕಂತೇ ಹುಟ್ಟಿರತಾವ. ನಿಂದು ಮುದಕಿ ಅದ. ಮುದಕಿ ಬಾಯಾಗ ತುತ್ತಿನ ಮ್ಯಾಲ ತುತ್ತು ತುರುಕಿದ್ರ ಓಡ್ತಾಳೇನು? ಉಸರಗಟ್ಟಿ ಸಾಯ್ತಾಳ. ನಾ ಹಚ್ಚಂಗಿಲ್ಲ."

"ನಿಮಗ ಹಚ್ಚಲಾಕ ಬರಲ್ಲ ಅಂತ ಹೇಳ್ರಿ, ಮುಗೀತು," ಎಂದೆ ನಾನು.

ಅವನು ಕೈ ಒರೆಸಿಕೊಂಡ. ಬೆಂಚಿನ ಮೇಲಿದ್ದ ನನ್ನ ಕೀಲಿಯನ್ನು ಎತ್ತಿ ರಸ್ತೆಗೆ ಎಸೆದ. "ಚಲ್, ನಡಿ. ಇನ್ನ ನನ್ನ ಬಾಗಲಕ ಬರಬ್ಯಾಡ."

ಉದಗೀರದ ಒಂದು ಗ್ಯಾರೇಜಿನವರು ಮೂರು ದಿನದಲ್ಲಿ ಕೆಲಸ ಮುಗಿಸಿದರು. ಗುಜರಿಗೆ ಬಂದ ಯಾವುದೋ ಗಾಡಿಯ ಟರ್ಬೊ. ಅಲ್ಲಿಂದ ಹಿಂತಿರುಗುವಾಗ ಗಾಡಿ ನಿಜಕ್ಕೂ ನೆಲ ಬಿಟ್ಟಂತೆ ಓಡಿತು. ಕಾಲು ಒತ್ತಿದರೆ ಬಾನೆಟ್ಟಿನೊಳಗಿಂದ ಸಣ್ಣ ಸಿಳ್ಳೆ ಕೇಳುತ್ತಿತ್ತು. ಆ ಸಿಳ್ಳೆ ಅವನಿಗೂ ಕೇಳಲಿ ಎಂದು ದಿನಾ ಅವನ ಗ್ಯಾರೇಜಿನ ಮುಂದೆ ಎರಡನೇ ಗೇರಿಗೆ ಇಳಿಸಿ ಗಾಡಿ ಒದರಿಸಿಕೊಂಡು ಹೋಗುತ್ತಿದ್ದೆ. ನಲವತ್ತೈದು ದಾಟಿದ ಮಾಸ್ತರ ಮಾಡುವ ಕೆಲಸವಲ್ಲ. ಮಾಡಿದೆ, ಮಾಡಿ ಸುಖಪಟ್ಟೆ. ಅವನು ತಲೆ ಎತ್ತಲಿಲ್ಲ.

ಎರಡು ತಿಂಗಳಾಗಿರಬೇಕು. ಒಂದು ಮಧ್ಯಾಹ್ನ ನಾಲ್ಕನೇ ತರಗತಿಗೆ ಪಾಠ ಮಾಡುತ್ತಿದ್ದಾಗ ಬಾಗಿಲಲ್ಲಿ ಮಹಾರುದ್ರ ಮಿಸ್ತ್ರಿ. ಉಮರಗಾದಿಂದ ಬಸ್ಸು ಹತ್ತಿ ಬಂದಿದ್ದ. ಮೈಮೇಲೆ ಅದೇ ಗ್ರೀಸಿನ ಅಂಗಿ.

"ಗಾಡಿ ನಿಂದರಸು," ಎಂದ. "ನೀಲಿ ಹೊಗಿ ಬರಲಕತ್ತದ. ಟರ್ಬೊ ಎಣ್ಣಿ ಬಿಡಲಕತ್ತದ. ಆ ಎಣ್ಣಿ ಗಾಳಿ ಪೈಪಿನ್ಯಾಗ ಇಳೀತಂದ್ರ ಇಂಜಿನ್ ಅದನ್ನೇ ಡೀಸೆಲ್ ಅಂತ ಕುಡಿತದ. ಆಗ ಕೀಲಿ ತಗದ್ರೂ ನಿಂದ್ರಂಗಿಲ್ಲ."

ಹೊಟ್ಟೆಕಿಚ್ಚಿಗೆ ಬಂದಿದ್ದಾನೆ ಎಂದುಕೊಂಡೆ. ಫಿಲ್ಟರ್ ಹಿಡಿದು ನಿಂತ ಅವಮಾನವೂ ಕಣ್ಣ ಮುಂದೆ ಬಂತು.

"ನಾ ಪಾಠ ಮಾಡಲಕತ್ತೀನಿ. ಹೊರಗ ನಡೀರಿ," ಎಂದೆ.

ಮಕ್ಕಳು ನಕ್ಕವು. ಅವನು ಮಕ್ಕಳನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಹೊರಟುಹೋದ.

ಅದಾಗಿ ಎಂಟು ದಿನಕ್ಕೆ, ನಿಲಂಗಾದಿಂದ ಒಂದು ನಾಮಕರಣ ಮುಗಿಸಿಕೊಂಡು ಬರುತ್ತಿದ್ದೆವು. ಅವ್ವ ಹಿಂದೆ, ಹೆಂಡತಿ ಪಕ್ಕದಲ್ಲಿ. ಉಮರಗಾ ಮುಟ್ಟಿ, ಅವನ ಗ್ಯಾರೇಜಿಗೆ ಇನ್ನೂ ಸ್ವಲ್ಪ ದೂರವಿದ್ದಾಗ ರಸ್ತೆ ಉಬ್ಬಿಗೆ ಕ್ಲಚ್ ಒತ್ತಿ ನಿಧಾನ ಮಾಡಿದೆ. ಇಂಜಿನ್ ನಿಧಾನವಾಗಲಿಲ್ಲ. ನನ್ನ ಕಾಲು ಎಕ್ಸಿಲರೇಟರ್ ಮೇಲಿರಲಿಲ್ಲ. ಆದರೂ ಅದರ ದನಿ ಏರಿತು, ಏರುತ್ತಲೇ ಹೋಯಿತು. ಕ್ಲಚ್ ಒತ್ತಿಕೊಂಡೇ ಗಾಡಿ ನಿಲ್ಲಿಸಿ ಕೀಲಿ ತಿರುಗಿಸಿ ಹೊರತೆಗೆದೆ. ಕೀಲಿ ಕೈಯಲ್ಲಿತ್ತು, ಇಂಜಿನ್ ಚೀರುತ್ತಿತ್ತು. ಹಿಂದೆ ರಸ್ತೆಯೇ ಕಾಣದಷ್ಟು ಹೊಗೆ. ಹೆಂಡತಿ ಇಳಿದು ಅವ್ವನನ್ನು ಎಳೆದುಕೊಂಡು ಗಾಡಿಯ ಮುಂದಿನಿಂದ ರಸ್ತೆ ದಾಟತೊಡಗಿದಳು. ಬೆಂಕಿ ಬೆಂಕಿ ಎಂದು ಜನ ಓಡಿದರು.

ಅವರಿಗೆ ಎದುರಾಗಿ ಓಡಿ ಬಂದವನು ಮಿಸ್ತ್ರಿ ಒಬ್ಬನೇ.

"ಟಾಪ್ ಗೇರ್ ಹಾಕು, ಬ್ರೇಕ್ ಒತ್ತಿ ಹಿಡಿ, ಕ್ಲಚ್ ಬಿಡು. ಬಂದ್ ಆಗತದ," ಎಂದು ಕೂಗಿದ.

ಗಾಡಿ ಮುಂದೆ ಜಿಗಿದರೆ? ಅವ್ವ ಇನ್ನೂ ರಸ್ತೆಯ ನಡುವೆ ಇದ್ದಳು. ಕ್ಲಚ್ ಮೇಲಿನ ಕಾಲನ್ನು ನಾನು ಎತ್ತಲಿಲ್ಲ. ಅವನು ಮತ್ತೊಮ್ಮೆ ಕೂಗಿ, ಬಾನೆಟ್ ಎತ್ತಿ, ಗಾಳಿ ಎಳೆಯುವ ಪೈಪನ್ನು ಕಿತ್ತು, ಬರುವಾಗಲೇ ಹಿಡಿದು ತಂದಿದ್ದ ಗೋಣಿತಟ್ಟನ್ನು ಮಡಚಿ ಟರ್ಬೊದ ಬಾಯಿಗೆ ಒತ್ತಿದ. ಗಾಳಿ ಸಿಗದೆ ಇಂಜಿನ್ ನಡುಗಿತು, ಕೆಮ್ಮಿತು, ನಿಂತಿತು. ಆದರೆ ನಿಲ್ಲುವ ಮೊದಲು ಗೋಣಿಯ ಒಂದು ಅಂಚನ್ನು ಒಳಗೆ ಎಳೆದುಕೊಂಡಿತ್ತು. ಅದರ ಜೊತೆ ಅವನ ಬಲಗೈಯ ಎರಡು ಬೆರಳ ತುದಿಗಳನ್ನೂ.

ದವಾಖಾನೆಗೆ ಹಣ್ಣು ತೆಗೆದುಕೊಂಡು ಹೋದೆ. ಹಾಸಿಗೆಯ ಮೇಲಿಂದಲೇ ಚೀಲವನ್ನು ದೂಡಿದ.

"ನನ್ನ ಸಲುವಾಗಿ ನಿಮ್ಮ ಕೈ..." ಎಂದು ಶುರು ಮಾಡಿದೆ.

"ನಿನ್ನ ಸಲುವಾಗಿ ಯಾರ ಬಂದಾರ?" ಎಂದ. "ಇಂಜಿನ್ ಚೀರಲಕತ್ತಿತ್ತು, ಬಂದೆ. ನೀ ಒಳಗ ಇದ್ದಿದ್ದು ನನಗ ಆಮ್ಯಾಲ ಕಂಡದ."

ಒಂದು ತಿಂಗಳ ಮೇಲೆ ನನ್ನ ಗಾಡಿಯನ್ನು ಅವನೇ ಎಳೆಸಿಕೊಂಡು ತನ್ನ ಗ್ಯಾರೇಜಿಗೆ ಹಾಕಿಸಿದ. ನನ್ನನ್ನು ಕೇಳಲಿಲ್ಲ. ಪ್ರತಿ ರವಿವಾರ ಹೋಗಿ ನಿಂತೆ. ಮೊದಲೆರಡು ರವಿವಾರ ಮಾತಾಡಿಸಲಿಲ್ಲ. ಮೂರನೆಯದಕ್ಕೆ, ಸಣ್ಣ ಬೋಲ್ಟೊಂದು ಅವನ ಮೊಂಡು ಬೆರಳುಗಳಿಂದ ಮೂರು ಸಲ ಜಾರಿ ಬಿತ್ತು. ಅವನು ಅದನ್ನೇ ನೋಡುತ್ತಾ ಕುಳಿತ. ನಾನು ಎತ್ತಿ ಅದರ ಜಾಗಕ್ಕೆ ಹಿಡಿದೆ.

"ಓರೆ ಹಿಡದಿ. ಮಡ್ಡ ಇದ್ದಿ ನೀ, ಮಡ್ಡ. ಸೀದಾ ಹಿಡಿ," ಎಂದ.

ಆಮೇಲಿನ ರವಿವಾರಗಳೆಲ್ಲ ಹೀಗೇ. ನನ್ನ ಬೆರಳು, ಅವನ ಬೈಗುಳ. ಇಂಜಿನ್ನನ್ನು ಟರ್ಬೊ ಇಲ್ಲದ ಮೊದಲಿನ ಸ್ಥಿತಿಗೆ ತಂದು ನಿಲ್ಲಿಸಿದ. ಸ್ಟಾರ್ಟ್ ಮಾಡಿದ ದಿನ ಕಣ್ಣು ಮುಚ್ಚಿ ಬಹಳ ಹೊತ್ತು ಕೇಳಿಸಿಕೊಂಡ. ಇನ್ನು ಸಿಟ್ಟು ಇಳಿದಿರಬಹುದು ಎಂದುಕೊಂಡು, "ಮಿಸ್ತ್ರಿ, ನನ್ನ ಮಾಫ್ ಮಾಡ್ರಿ," ಎಂದೆ.

ಕಣ್ಣು ತೆರೆದ. "ಇಲ್ಲ," ಎಂದ. "ಗಾಡಿ ತಗೊಂಡು ಹೋಗು."

ನಾನು ಅವನನ್ನು ಜೀವಂತ ಕಂಡದ್ದು ಅದೇ ಕೊನೆ. ಗ್ಯಾರೇಜ್ ಮುಚ್ಚಿ ತನ್ನ ಊರು ದಾಳಿಂಬಕ್ಕೆ ಹೋದನೆಂದು ಕೇಳಿದೆ. ವಾಲ್ವಿನ ಸಂದನ್ನು ಬೆರಳ ತುದಿಯಿಂದ ಅಳೆಯುತ್ತಿದ್ದವನು, ಅದಿಲ್ಲದೆ ಅಂದಾಜಿನ ಮೇಲೆ ಕೆಲಸ ಮಾಡಲು ಒಪ್ಪಲಿಲ್ಲವಂತೆ.

ಕಳೆದ ವರ್ಷ ಸೋಯಾಬೀನ್ ಕೊಯ್ಲಿನ ಹೊತ್ತಿಗೆ ಸುದ್ದಿ ಬಂತು. ಹೋದೆ. ಹೊಲದಲ್ಲಿ ಕುಣಿ ತೋಡಿ, ವಿಭೂತಿ ಹಚ್ಚಿ ಅವನನ್ನು ಕೂರಿಸಿದ್ದರು. ಅವನ ಮಗ ನನ್ನ ಹತ್ತಿರ ಬಂದು ಯಾರೆಂದು ಕೇಳಿದ. ಗಿರಾಕಿ ಎನ್ನಲು ಬಾಯಿ ಬರಲಿಲ್ಲ.

"ಅವರ ಬೆರಳು ಹೋಗಿದ್ದು ನನ್ನ ಗಾಡಿಯಿಂದ," ಎಂದೆ.

"ಗುರೂಜಿ ಏನ್ರಿ," ಎಂದ ಮಗ. "ಸುಳ್ಳ ಯಾಕ ಹೇಳ್ಲಿ ರೀ, ಅಪ್ಪಗ ನಿಮ್ಮ ಮ್ಯಾಲಿನ ಸಿಟ್ಟ ಕಡೀತನಾ ಹೋಗಲಿಲ್ಲ."

"ಗೊತ್ತದ," ಎಂದೆ.

ಅವನು ಪಕ್ಕಕ್ಕೆ ಸರಿದ. ನನ್ನ ಸರದಿ ಬಂದಾಗ ನಾನೂ ಒಂದು ಹಿಡಿ ಕರಿಮಣ್ಣು ಹಾಕಿದೆ. ಯಾರೂ ತಡೆಯಲಿಲ್ಲ.