ಬೀಚ್ ಮರದ ಬುಡ

ಅಡುಗೆಮನೆಯಿಂದ ಅಣಬೆ ಹುರಿಯುವ ವಾಸನೆ ಬಂದರೆ ನಾನು ಈಗ ಬಾಲ್ಕನಿಗೆ ಹೋಗಿ ನಿಲ್ಲುತ್ತೇನೆ. ಹೆಂಡತಿ ಏನೂ ಕೇಳುವುದಿಲ್ಲ. ನೀವು ಕೇಳಬಹುದು. ಹಾಗಾಗಿ ನಡೆದದ್ದನ್ನು ನಡೆದ ಕ್ರಮದಲ್ಲೇ ಹೇಳಲು ಪ್ರಯತ್ನಿಸುತ್ತೇನೆ.

ಡಚ್ಚರ ಊರಾದ ಹಾರ್ಲೆಮ್‌ನ ನಮ್ಮ ಮನೆಯಿಂದ ಸೈಕಲ್ಲಿನಲ್ಲಿ ಇಪ್ಪತ್ತು ನಿಮಿಷ ಹೋದರೆ, ಮರಳುದಿಬ್ಬಗಳ ಅಂಚಿನಲ್ಲಿ ಒಂದು ಸರ್ಕಾರಿ ಕಾಡು ಇದೆ. ಹಿಂದೆ ಅದನ್ನು ಕಾಯಲು ನಾಲ್ಕು ಜನ ಇದ್ದರಂತೆ. ನಾನು ಹೋಗಲು ಶುರುಮಾಡಿದಾಗ ಒಬ್ಬಳೇ ಉಳಿದಿದ್ದಳು. ಅವಳ ಮೇಲೆ ಇನ್ನೆರಡು ಕಾಡುಗಳ ಹೊಣೆಯೂ ಇತ್ತು. ಮಿಕ್ಕ ಕೆಲಸವೆಲ್ಲ ಶನಿವಾರದ ಸ್ವಯಂಸೇವಕರದು: ಬೇಲಿ ಸರಿಮಾಡುವುದು, ಕಸ ಎತ್ತುವುದು, ಕಾಲುದಾರಿಯ ಪಕ್ಕದ ಮರಗಳು ಗಟ್ಟಿಯಾಗಿವೆಯೇ ಎಂದು ನೋಡುವುದು. ದಾನಿಗಳು ಇರಲಿಲ್ಲವೆಂದಲ್ಲ. ಆದರೆ ದಾನಿಗಳು ಕೊಡುವುದು ಬೆಂಚು. ಬೆಂಚಿಗೆ ಫಲಕ ಹೊಡೆದು ತೀರಿಕೊಂಡವರ ಹೆಸರು ಕೆತ್ತಿಸಬಹುದು. ಮರದ ಬುಡ ನೋಡುವವನ ಸಂಬಳಕ್ಕೆ ಯಾರ ಹೆಸರು ಕೆತ್ತಿಸುತ್ತೀರಿ?

ಮರ ನೋಡುವುದನ್ನು ನನಗೆ ಕಲಿಸಿದವರು ವಿಮ್, ಎಪ್ಪತ್ತು ದಾಟಿದ ನಿವೃತ್ತ ಶಾಲಾ ಮೇಷ್ಟ್ರು. ತರಬೇತಿ ಮುಗಿಸಿದ್ದವರು ಅವರೊಬ್ಬರೇ, ಆದ್ದರಿಂದ ತಪಾಸಣೆಯ ಹಾಳೆಗೆ ಸಹಿ ಅವರದು. ಅವರ ಮಂಡಿ ಬಗ್ಗುತ್ತಿರಲಿಲ್ಲ. "ನಾನು ಮೇಲೆ, ನೀನು ಕೆಳಗೆ" ಎಂದು ಕೆಲಸ ಹಂಚಿಕೊಂಡಿದ್ದೆವು. ಅವರು ದುರ್ಬೀನು ಹಿಡಿದು ಕೊಂಬೆಗಳನ್ನು ನೋಡುತ್ತಿದ್ದರು, ನಾನು ಮಂಡಿಯೂರಿ ಬೇರುಗಳನ್ನು. "ಸರಿಯಾಗಿ ನೋಡಪ್ಪಾ, ಕಂಪ್ಯೂಟರ್ ಮಹಾಶಯ. ಮರಕ್ಕೆ ರೀಸ್ಟಾರ್ಟ್ ಬಟನ್ ಇಲ್ಲ" ಎಂದು ತಮ್ಮ ಡಚ್‌ನಲ್ಲಿ ಛೇಡಿಸುತ್ತಿದ್ದರು. ಆಫೀಸಿನಲ್ಲಿ ನನ್ನ ಕೆಲಸವೇ ಬೇರೆಯವರ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವುದು. ಅದರಲ್ಲಿ ನಾನು ಜಾಣನೆಂದು ಹೆಸರು ಬೇರೆ ಇದೆ.

ಆ ಕಾಡಿನ ಒಂದು ಬೆಂಚು ಶ್ಯಾಮಲಕ್ಕ ಕೊಟ್ಟದ್ದು. ಉಡುಪಿ ಕಡೆಯವರು, ನಮ್ಮ ಬೀದಿಯವರೇ. ಗಂಡ ಇಲ್ಲೇ ತೀರಿಕೊಂಡ ಮೇಲೆ ಅವರ ಹೆಸರಿನಲ್ಲಿ ಹಾಕಿಸಿದರು. ಡಚ್ ಅರ್ಜಿ ತುಂಬಿಕೊಟ್ಟವನು ನಾನು. ಬೀಚ್ ಎಂಬ ಜಾತಿಯ ದೊಡ್ಡ ಮರವೊಂದರ ಕೆಳಗೆ ಜಾಗ ತೋರಿಸಿದವನೂ ನಾನೇ. ಪ್ರತಿ ಭಾನುವಾರ ಅವರು ಫ್ಲಾಸ್ಕಿನಲ್ಲಿ ಕಾಫಿ ತುಂಬಿಕೊಂಡು ಅಲ್ಲಿಗೆ ಹೋಗಿ ಕೂರುತ್ತಿದ್ದರು.

ಹೋದ ಸೆಪ್ಟೆಂಬರಿನ ಒಂದು ಶನಿವಾರ, ಆ ಬೀಚ್ ಮರದ ಬೇರುಗಳ ನಡುವೆ ಅಣಬೆ ಕಂಡೆ. ಬೀಸಣಿಗೆಯ ಹಾಗೆ ಒಂದರ ಮೇಲೊಂದು ಹರಡಿದ್ದ ಕಂದು ಅಣಬೆ. ಅದರ ಅರ್ಥ ನನಗೆ ಗೊತ್ತಿತ್ತು, ಕಲಿಸಿದ್ದರು. ಒಳಗೆ ಬೇರು ಕೊಳೆಯುತ್ತಿದೆ. ಅವತ್ತೇ ಸುತ್ತ ಹಗ್ಗ ಕಟ್ಟಬೇಕು, ಬೆಂಚು ತೆಗೆಯಬೇಕು. ಆದರೆ ಮೊದಲ ವರ್ಷದ ತಿಥಿಗೆ ಹತ್ತು ದಿನ ಉಳಿದಿತ್ತು. ಅವತ್ತು ಬೆಂಚಿಗೆ ಹೂವಿಡಬೇಕೆಂದು ಶ್ಯಾಮಲಕ್ಕ ಹತ್ತಾರು ಜನರನ್ನು ಕರೆದಿದ್ದರು. ತಿಥಿ ಕಳೆಯಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡೆ.

"ಕೆಳಗೆ ಹೇಗಿದೆ?" ಎಂದು ಮರದ ಆಚೆಯಿಂದ ವಿಮ್ ಕೇಳಿದರು.

"ಸರಿಯಿದೆ" ಎಂದೆ. ಅವರು ಸಹಿ ಹಾಕಿದರು.

ಮರುದಿನ ಮರ ಬಿತ್ತು. ಬಿರುಗಾಳಿಯೇನೂ ಇರಲಿಲ್ಲ. ಶ್ಯಾಮಲಕ್ಕ ಇನ್ನೂ ಬೆಂಚು ತಲುಪಿರಲಿಲ್ಲ. ತುದಿಯ ಕೊಂಬೆಯೊಂದು ಬಲ ಭುಜಕ್ಕೆ ಬಡಿಯಿತು. ಎರಡು ಸಲ ಆಪರೇಷನ್ ಆಯಿತು. ಆ ಕೈ ಈಗಲೂ ತಲೆಯವರೆಗೆ ಏಳುವುದಿಲ್ಲ.

ಹಾಳೆಯಲ್ಲಿದ್ದದ್ದು ವಿಮ್ ಅವರ ಸಹಿ. ಇಷ್ಟು ವರ್ಷಗಳ ಸೇವೆಗೆ ವಂದನೆ, ಇನ್ನು ಬರುವುದು ಬೇಡ ಎಂದು ಕಾಡಿನ ಕಚೇರಿಯಿಂದ ಅವರಿಗೆ ಪತ್ರ ಹೋಯಿತು. ಮುದುಕರ ಕಣ್ಣು ಮಂಜಾಗಿದೆ ಎಂದು ಶನಿವಾರದ ಗುಂಪು ಮಾತಾಡಿಕೊಂಡಿತು. ನಾನು ಸುಮ್ಮನಿದ್ದೆ. ಹನ್ನೊಂದು ತಿಂಗಳು ಸುಮ್ಮನಿದ್ದೆ. ಶ್ಯಾಮಲಕ್ಕನಿಗೆ ಪ್ರತಿ ವಾರ ತರಕಾರಿ ತಂದುಕೊಟ್ಟು ಅವರ ಬಾಯಲ್ಲಿ ಪುಣ್ಯಾತ್ಮ ಎನ್ನಿಸಿಕೊಂಡೆ.

ಮೊನ್ನೆ ಅವರು ಎಡಗೈಯಲ್ಲಿ ತಲೆ ಬಾಚಿಕೊಳ್ಳಲು ಒದ್ದಾಡುತ್ತಿದ್ದರು. ತರಕಾರಿ ಚೀಲ ಇನ್ನೂ ನನ್ನ ಕೈಯಲ್ಲೇ ಇತ್ತು. ನಿಂತಲ್ಲೇ ಎಲ್ಲವನ್ನೂ ಹೇಳಿಬಿಟ್ಟೆ.

ಅವರು ಬಾಚಣಿಗೆಯನ್ನು ಕೆಳಗಿಟ್ಟರು.

"ನನ್ನತ್ರ ಒಂದು ಮಾತು ಹೇಳ್ಬಹುದಿತ್ತಲ್ಲ ಮಾರಾಯ್ರೆ" ಎಂದರು. "ಬೆಂಚು ಬೇರೆ ಕಡೆ ಇಟ್ರೆ ನಮ್ಮ ಯಜಮಾನ್ರಿಗೆ ಬೇಜಾರಾಗ್ತದೆ ಅಂತ ಗ್ರಹಿಸಿದ್ರಾ? ಬದುಕಿರುವಾಗ್ಲೇ ಒಂದು ಕಡೆ ಕೂತ ಜನ ಅಲ್ಲ ಅವ್ರು."

ನನಗೆ ಅಳು ಬಂತು. ಅವರು ಸಮಾಧಾನ ಮಾಡಲಿಲ್ಲ.

"ನನ್ನೆದುರು ಅತ್ತು ಎಂತ ಮಾಡುದು? ಆ ಮುದುಕನಿಗೆ ಹೇಳಿದ್ರಾ?"

"ಇಲ್ಲ ಅಕ್ಕ."

"ಹಾಗಾದ್ರೆ ಚೀಲ ಇಟ್ಟು ಹೋಗಿ. ಅವರಿಗೆ ಹೇಳದೆ ಇಲ್ಲಿಗೆ ಬರ್ಬೇಡಿ."

ಇವತ್ತು ಬೆಳಿಗ್ಗೆ ಹೋದೆ. ವಿಮ್ ಕಿಟಕಿಯ ಪಕ್ಕ ಕೂತಿದ್ದರು. ದಾರಿಯುದ್ದಕ್ಕೂ ಡಚ್‌ನಲ್ಲಿ ಉರುಹೊಡೆದುಕೊಂಡ ವಾಕ್ಯಗಳು ಅವರ ಎದುರಿಗೆ ಉಳಿಯಲಿಲ್ಲ, ತುಂಡುತುಂಡಾಗಿ ಹೇಳಿದೆ. ನಾನು ನಿಲ್ಲಿಸಿದ ಮೇಲೆ ಕೇಳಿದರು:

"ಹಾಗಾದರೆ ಮೇಲೆ ಏನೂ ಇರಲಿಲ್ಲವಾ?"

"ಇರಲಿಲ್ಲ."

"ದಿನಾ ಮಲಗುವಾಗ ಆ ಮರವನ್ನು ಕಣ್ಣಮುಂದೆ ತಂದುಕೊಳ್ಳುತ್ತೇನೆ. ಒಂದೊಂದೇ ಕೊಂಬೆ ನೋಡುತ್ತಾ ಹೋಗುತ್ತೇನೆ. ನಾನು ಎಲ್ಲಿ ತಪ್ಪಿದೆ ಅಂತ ಇನ್ನೂ ಸಿಕ್ಕಿಲ್ಲ."

"ನಿಮ್ಮಿಂದ ತಪ್ಪಾಗಿಲ್ಲ, ವಿಮ್."

ಅವರು ನನ್ನನ್ನು ಹೊರಗೆ ಹೋಗು ಎನ್ನಲಿಲ್ಲ, ಕೂತುಕೋ ಎಂದೂ ಅನ್ನಲಿಲ್ಲ. ಕಷ್ಟಪಟ್ಟು ಎದ್ದು, ಒಂದು ಹಾಳೆ ಮತ್ತು ಪೆನ್ನು ತಂದು ನನ್ನ ಮುಂದಿಟ್ಟರು.

"ಕಾಡಿನ ಕಚೇರಿಗೆ ಬರಿ" ಎಂದರು. "ನನಗೆ ಹೇಳಿದ ಹಾಗೇ ಬರಿ."

ಬರೆದೆ. ಕೆಳಗೆ ನನ್ನ ಪೂರ್ತಿ ಹೆಸರು ಬರೆದು ಸಹಿ ಹಾಕುವವರೆಗೂ ಅವರು ಮೇಜು ಹಿಡಿದುಕೊಂಡು ನಿಂತೇ ಇದ್ದರು.