ಕತ್ತರಿಯ ಪ್ರೇಮಕವಿತೆ

ಮುದ್ರಣಾಲಯದಲ್ಲಿ ಕರಡು ತಿದ್ದುವ ಅವನಿಗೆ ಎಲ್ಲರೂ ಇಟ್ಟ ಹೆಸರು ಕತ್ತರಿ. ಒಂದೇ ಮಾತು ಎರಡು ಸಲ ಬಂತೋ, ಕೆಂಪು ಪೆನ್ನಿನಿಂದ ಗೆರೆ ಎಳೆಯದೆ ಅವನಿಗೆ ಸಮಾಧಾನವಿಲ್ಲ. ಮನೆಯಲ್ಲೂ ಅದೇ ಚಾಳಿ. “ಊಟಕ್ಕೆ ಬಾರೋ, ಬಾರೋ” ಎಂದು ಅಕ್ಕ ಕೂಗಿದರೆ, “ಒಂದ್ಸಲ ಹೇಳಿದ್ರೆ ಸಾಲದಾ?” ಎನ್ನುತ್ತಿದ್ದ.

“ಒಂದ್ಸಲಕ್ಕೆ ನೀನೆಲ್ಲಿ ಬರ್ತೀಯ? ಬರೋವರೆಗೂ ಕರೀಬೇಕಪ್ಪ” ಎಂದು ಅಕ್ಕ ತಟ್ಟೆ ಕುಕ್ಕುತ್ತಿದ್ದಳು.

ಇಂಥ ಆಸಾಮಿ ನಲವತ್ತು ದಾಟಿದ ಮೇಲೆ, ಕೆಳಗಿನ ಕೋಣೆಯಲ್ಲಿ ಬೈಂಡಿಂಗ್ ಮಾಡುವಾಕೆಗೆ ಮನಸೋತ. ಅವಳು ಪುಸ್ತಕ ಹೊಲಿದು ನೂಲನ್ನು ಹಲ್ಲಿನಿಂದ ಕಡಿಯುವುದನ್ನು ಕಂಡರೆ ಅವನಿಗೆ ಒತ್ತಕ್ಷರ, ದೀರ್ಘ ಎಲ್ಲ ಮರೆತುಹೋಗುತ್ತಿತ್ತು. ಬಾಯಿಬಿಟ್ಟು ಹೇಳುವ ಧೈರ್ಯ ಈ ಮಹಾಶೂರನಿಗೆ ಎಲ್ಲಿಂದ ಬರಬೇಕು? ಪದ್ಯ ಬರೆದ. ಬಿಸಿಲಿಳಿಯುವ ಮುಂಚೆ ಬಾ, ಬಿಸಿಲಿಳಿದರೂ ಸರಿ ಬಾ, ಬರಲಾರೆ ಎಂದು ಹೇಳಲಿಕ್ಕಾದರೂ ಬಾ. ಹೀಗೇ ಪುಟದ ತುಂಬ.

ಬರೆದಾದ ಮೇಲೆ ಕೈ ಸುಮ್ಮನಿರಬೇಕಲ್ಲ! “ಪುನರುಕ್ತಿ, ಬರೀ ಪುನರುಕ್ತಿ” ಎಂದು ಗೊಣಗುತ್ತ ಗೆರೆ ಎಳೆದೇ ಎಳೆದ. ಉಳಿದದ್ದು ಇಷ್ಟು: ‘ಬಿಸಿಲಿಳಿಯುವ ಮುಂಚೆ ಬಾ.’ ಅಚ್ಚುಕಟ್ಟಾಗಿದೆ ಎಂದು ತನ್ನ ಬೆನ್ನು ತಾನೇ ತಟ್ಟಿಕೊಂಡು, ಬೇರೆ ಚೀಟಿಗೆ ಇಳಿಸಿ, ಸಹಿ ಹಾಕಿ ಅವಳ ಮೇಜಿನ ಮೇಲಿಟ್ಟ.

ಮಧ್ಯಾಹ್ನವೇ ಅವಳು ಗೋಂದಿನ ಡಬ್ಬಿ ಹಿಡಿದು ಮೇಲೆ ಬಂದಳು. “ಏನ್ಸಾರ್, ಬಾ ಅಂತ ಏಕವಚನದಲ್ಲಿ ಕರೆದಿದೀರ, ಅಷ್ಟು ಅರ್ಜೆಂಟಾ? ಯಾವ ಪುಸ್ತಕ ಕಿತ್ತೋಗಿದೆ?”

 ಅವನು ಕೈಗೆ ಸಿಕ್ಕ ನಿಘಂಟನ್ನು ಮುಂದೆ ನೂಕಿದ. ಗಟ್ಟಿಮುಟ್ಟಾದ ನಿಘಂಟು. ಅವಳು ತಿರುಗಿಸಿ ನೋಡಿ, ಕಂಕುಳಲ್ಲಿ ಇರುಕಿಕೊಂಡು ಒಯ್ದಳು. ಪೆದ್ದುಶಿಖಾಮಣಿ ಎಂಬ ಬಿರುದನ್ನು ಅವನು ಆವತ್ತೇ ತನಗೆ ತಾನೇ ಕೊಟ್ಟುಕೊಂಡ.

ಆದರೆ ನಿಘಂಟು ವಾಪಸು ಕೊಡಲು ಅವಳು ಮತ್ತೆ ಬಂದಳಲ್ಲ! ಆ ಆಸೆಗೆ ಮರುದಿನ ತಾನೇ ಅದರ ರಟ್ಟು ಕಿತ್ತು ಕರೆಸಿದ. ಆಮೇಲೆ ಮತ್ತೆ ಕಿತ್ತ. ಮತ್ತೆ ಕರೆಸಿದ. ಲೋಕದ ಪುನರುಕ್ತಿಯನ್ನೆಲ್ಲ ಹೊಡೆದುಹಾಕಿದ ಮಹಾನುಭಾವ ಒಂದೇ ನಿಘಂಟನ್ನು ಕೀಳುತ್ತ ಕೂತ.

ಕೊನೆಗೊಂದು ದಿನ ಅವಳು ಕುರ್ಚಿ ಎಳೆದು ಕೂತಳು. “ಸಾರ್, ನನ್ನ ಹೊಲಿಗೆ ಹೀಗೆಲ್ಲ ಬಿಡಲ್ಲ. ನೀವೇ ಕೀಳ್ತಿದೀರ. ನಿಜ ಹೇಳಿ, ಯಾಕೆ ಕರೀತಿದೀರ?”

ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ಬೆವರುತ್ತ, ತೊದಲುತ್ತ, ಪದ್ಯವನ್ನು ಬಾಯಿಪಾಠದಿಂದ ಹೇಳಿದ. ಹೊಡೆದುಹಾಕಿದ್ದ ಒಂದು ‘ಬಾ’ವನ್ನೂ ಬಿಡಲಿಲ್ಲ.

ಅವಳು ಗೋಂದಿನ ಡಬ್ಬಿಯನ್ನು ಪಕ್ಕಕ್ಕೆ ಸರಿಸಿದಳು. “ಇಷ್ಟೆಲ್ಲ ಅಳಿಸಿ ನಂಗೆ ಆಫೀಸ್ ಚೀಟಿ ಕೊಟ್ರಾ? ಇಷ್ಟು ಸಲ ಕರೆದಿದ್ರೆ ಗೋಂದು ಕೆಳಗೇ ಬಿಟ್ಟು ಬರ್ತಿದ್ದೆ.”

ಡಬ್ಬಿ ಎತ್ತಿಕೊಂಡು ಮೆಟ್ಟಿಲಿಳಿದೇಬಿಟ್ಟಳು. ಎಲ್ಲ ಮುಗಿಯಿತು ಎಂದುಕೊಂಡ.  ಅಷ್ಟರಲ್ಲಿ ಮೆಟ್ಟಿಲ ಮೇಲೆ ಮತ್ತೆ ಚಪ್ಪಲಿ ಸದ್ದು. ಬಾಗಿಲಲ್ಲಿ ಅವಳು ಬರಿಗೈಯಲ್ಲಿ ನಿಂತಿದ್ದಳು.

“ಬಂದೆ. ಎಲ್ಲಿ, ಇನ್ನೊಂದ್ಸಲ ಹೇಳಿ.”

ಕತ್ತರಿ ಕೆಂಪು ಪೆನ್ನಿಗೆ ಮುಚ್ಚಳ ಹಾಕಿ, ಮೊದಲಿಂದ ಶುರುಮಾಡಿದ.