ಕೌದಿಯೊಳಗಿನ ಕೆಮ್ಮು

ಮಗಳ ಕೆಮ್ಮಿಗಂತ ಕುದಿಯೋ ನೀರಿಗೆ ಅಜವಾನ ಹಾಕಿದ್ದೇ ತಡ, ಖಾಸಬಾಗದ ನಮ್ಮ ಅಡುಗಿಮನಿ ಖಾನಾಪುರದ ಅಜ್ಜಿ ಮನಿ ಆಗಿಬಿಡ್ತು.

ನನಗ ಕೆಮ್ಮು ಬಂದ್ರ ಅಜ್ಜಿ ಬಿಸಿನೀರಿನ ಬೋಗುಣಿ ಮುಂದ ಕುಂದರಿಸಿ, ಹಳೇ ಸೀರಿಗಳಿಂದ ಹೊಲಿದ ಕೌದಿ ಹೊಚ್ಚಿ, ಅದರ ಅಂಚಿನ ಮ್ಯಾಲೆ ತಾನೇ ಕುಂದರ್ತಿದ್ಲು. ಒಳಗ ಕತ್ತಲು, ಮಾರಿ ಸುಡೋ ಉಗಿ. ಎತ್ತೂಣು ಅಂದ್ರ ಅಜ್ಜಿ ಭಾರಕ್ಕ ಕೌದಿ ಅಲ್ಲಾಡ್ತಿದ್ದಿಲ್ಲ. ಹೊರಗ ಅಕಿ ಬಾಜು ಮನಿ ಕಾಕೂನ ಜೋಡಿ ಮರಾಠಿಯೊಳಗ ಆರಾಮ ಹರಟಿ ಹೊಡೀತಿದ್ಲು. ನಡುವ ಒಮ್ಮೆ ಕೇಳಾಕಿ:

"ಕೆಮ್ಮು ಹೋತೇನ?"

"ಹೋತು" ಅನ್ನಾಕ ಬಾಯಿ ತೆಗೆದ್ರ ಉಗಿ ಗಂಟಲಿಗೆ ಹೊಕ್ಕು ಮತ್ತ ಕೆಮ್ಮು ಬರ್ತಿತ್ತು.

"ಇನ್ನಾ ಐತಿ" ಅಂತ ಇನ್ನಷ್ಟು ಗಟ್ಟಿ ಕುಂದರ್ತಿದ್ಲು.

ಈಗ ನಾ ಹೊಚ್ಚಿದ ಕೌದಿಯೊಳಗಿಂದ ಮಗಳು "ಹೋತವ್ವಾ" ಅಂದು ಕೆಮ್ಮಿದ್ಲು.

"ಇನ್ನಾ ಐತಿ" ಅಂದೆ. ಅಂಚಿನ ಮ್ಯಾಲೆ ಯಾವಾಗ ಕುಂತೆನೋ ನನಗೇ ಗೊತ್ತಿಲ್ಲ.